ಹೊನ್ನಾವರದ ಚಪ್ಪರ : ದೋಣಿ ಕಟ್ಟುತ್ತಿದ್ದ ಮನೆತನವೊಂದರ ನೆನಪು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ, ಘಟ್ಟದ ಕೆಳಗಿನಿಂದ ಬಂದು ನಮ್ಮ ಧರ್ಮಕೇಂದ್ರದಲ್ಲಿ ನೆಲೆಸಿದ ಕುಟುಂಬಗಳ ಚರಿತ್ರೆಯನ್ನು ಬರೆದುಕೊಡಬೇಕೆಂದು ವಿಚಾರಣಾ ಗುರುಗಳು ಅಪ್ಪಣೆ ಮಾಡಿದರು. ಎಲ್ಲ ಕುಟುಂಬಗಳ ಪರವಾಗಿ ಮಾತನಾಡುವ ಅಧಿಕಾರ ನಮಗಿಲ್ಲ. ನಮ್ಮ ಮನೆಯ ಸಂಗತಿಯನ್ನಷ್ಟೇ ನಾವು ಬಲ್ಲೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮದು ಮೂರು ತಲೆಮಾರು ಹೊನ್ನಾವರದಲ್ಲಿ ದೋಣಿ ಕಟ್ಟಿ ಬದುಕಿದ ಮನೆತನ. ಅಂಥವರು ಕಡಲಿನ ಗಾಳಿಯೂ ಬಾರದ ಸಂತೇಬೆನ್ನೂರಿಗೆ ಏಕೆ ಬಂದರೆಂದು ಕೇಳಿದವರು ಬಹಳ. ಅವರಿಗೆಲ್ಲ ಈ ಬರಹವೇ ಉತ್ತರವೆಂದು ಭಾವಿಸಬಹುದು.

ಸಂತೇಬೆನ್ನೂರಿನ ಮಕ್ಕಳಿಗೆ ನೀರೆಂದರೆ ಹನುಮಪ್ಪ ನಾಯಕನು ಕಟ್ಟಿಸಿದ ಪುಷ್ಕರಣಿಯ ನೀರು. ಹೆಚ್ಚೆಂದರೆ ಸೂಳೆಕೆರೆಯ ನೀರು. ಎರಡೂ ನಿಂತ ನೀರು. ನಮ್ಮ ಹಿರಿಯರಾದರೋ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ನೀರಿನ ಬದಿಯಲ್ಲಿ ಬಾಳಿದವರು. ಶರಾವತಿಯು ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯನ್ನು ಹಾದು, ಅಗಲವಾಗಿ ಹರಡಿಕೊಂಡು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಲದಂಡೆಯಲ್ಲಿ ಹೊನ್ನಾವರವಿದೆ. ಎದುರು ದಂಡೆ ಕಾಸರಕೋಡು. ಆ ಹೊಳೆಯ ಅಂಚಿನಲ್ಲಿ ತೆಂಗಿನ ಗರಿ ಹೊದಿಸಿದ ಉದ್ದನೆಯ ಚಪ್ಪರವೊಂದಿತ್ತು. ಅದೇ ನಮ್ಮ ಅಜ್ಜನವರ ಕಾರ್ಖಾನೆ, ಅದೇ ಕಚೇರಿ. ಮಳೆಗಾಲದಲ್ಲಿ ಅಲ್ಲಿಯೇ ನಮ್ಮ ಆಟದ ಬಯಲು.

ಹೊನ್ನಾವರವು ಹಡಗುಗಳ ಊರಾದದ್ದು ನಿನ್ನೆ ಮೊನ್ನೆಯಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಇಲ್ಲಿಯ ಸುಲ್ತಾನ ಜಮಾಲುದ್ದೀನನು ಗೋವೆಯ ಮೇಲೆ ದಂಡೆತ್ತಲು 52 ಹಡಗುಗಳನ್ನು ಸಜ್ಜುಗೊಳಿಸಿದುದನ್ನು ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯ ಹಡಗುಗಳಿಗೆ ಕಬ್ಬಿಣದ ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂಬುದನ್ನೂ ಅವನು ಗಮನಿಸಿದ್ದನು. 1505ರಲ್ಲಿ ಪೋರ್ಚುಗೀಸರ ಅಲ್ಮೇಡನು ಈ ಅಳಿವೆಯೊಳಗೆ ನುಗ್ಗಿ ಇಲ್ಲಿ ನಿಂತಿದ್ದ ಹಡಗುಗಳನ್ನು ಸುಟ್ಟನು. ಐದು ವರ್ಷಗಳ ತರುವಾಯ, 1510ರಲ್ಲಿ, ಅದೇ ಪೋರ್ಚುಗೀಸರು ಗೋವೆಯನ್ನು ಹಿಡಿಯುವಂತೆ ಅವರನ್ನು ಹುರಿದುಂಬಿಸಿ ಜೊತೆಗೆ ಹೋದವನೂ ಹೊನ್ನಾವರದ ನಾವಿಕನೇ. ಅವರ ದಾಖಲೆಗಳಲ್ಲಿ ಅವನ ಹೆಸರು ತಿಮೋಜ. ಸುಟ್ಟವರ ಜೊತೆಯಲ್ಲಿಯೇ ಹೊರಟ ಈ ಮನುಷ್ಯನ ಮನಸ್ಸನ್ನು ಅರಿಯುವುದು ಕಷ್ಟ. ಆದರೆ ಗೋವೆಯ ಮತ್ತು ಕೆನರಾದ ಕಥೋಲಿಕರ ಚರಿತ್ರೆಯಲ್ಲಿ ಅವನಿಗೊಂದು ಮೂಲೆಯ ಸ್ಥಳವಾದರೂ ಉಂಟು.

1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಹೊನ್ನಾವರವೂ ಅವನ ಕೈಸೇರಿತು. ಅವನು ಇಲ್ಲಿ ಯುದ್ಧದ ಹಡಗುಗಳನ್ನು ಕಟ್ಟುವ ಕಟ್ಟೆಯನ್ನು ಏರ್ಪಡಿಸಿದನು. 1783ರಲ್ಲಿ ಇಂಗ್ಲಿಷರು ಕೋಟೆಯನ್ನು ಹಿಡಿದರು. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ನನಿಗೆ ಹೊಳೆಯಲ್ಲಿ ಮುಳುಗಿದ್ದ ಹಡಗುಗಳ ಅವಶೇಷಗಳು ಕಂಡವು. ಟೀಪುವು ತನ್ನ ಕಡೆಯ ವರ್ಷಗಳಲ್ಲಿ 40 ಯುದ್ಧನೌಕೆಗಳನ್ನು ಕಟ್ಟಿಸಬೇಕೆಂದು ಅಪ್ಪಣೆ ಹೊರಡಿಸಿದ್ದನು. ಅವುಗಳಲ್ಲಿ ಒಂದು ಪಾಲು ಮಂಗಳೂರಿನಲ್ಲಿ ಆಗಬೇಕಿತ್ತು. 1799ರಲ್ಲಿ ಎಲ್ಲವೂ ಮುಗಿಯಿತು. ರಾಜರು ಹೋದರೂ ಬಾಚಿ ಹಿಡಿದ ಕೈಗಳು ಉಳಿದವು. ಮೀನುಗಾರನಿಗೆ ದೋಣಿ ಬೇಕು, ವರ್ತಕನಿಗೆ ಮಚವೆ ಬೇಕು, ಮುಂಬಯಿಗೆ ಸರಕು ಒಯ್ಯುವವನಿಗೆ ಪತ್ತೆಮಾರಿ ಬೇಕು. ನಮ್ಮ ಮುತ್ತಜ್ಜನು ಬಾಚಿ ಹಿಡಿದದ್ದು ಇಂಥ ಗಿರಾಕಿಗಳನ್ನು ನಂಬಿ.

ಈಗ ಚಪ್ಪರದ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ಓದುಗರು ಸಹಿಸಿಕೊಳ್ಳಬೇಕು. ಅಜ್ಜನವರು ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆದವರಲ್ಲ. ಗಿರಾಕಿಯು ಬಂದು ಇಂತಿಷ್ಟು ಉದ್ದ, ಇಂಥ ಬಲೆ, ಇಷ್ಟು ಆಳು ಎಂದು ಹೇಳಿದರೆ ಸಾಕು, ಉಳಿದುದೆಲ್ಲ ಅವರ ಕಣ್ಣಿನಲ್ಲಿ ಮತ್ತು ಒಂದು ಅಳತೆಗೋಲಿನಲ್ಲಿ ಇರುತ್ತಿತ್ತು. ಸಾಗುವಾನಿಯ ಆ ಕೋಲಿನ ಮೇಲೆ ಉಳಿಯಿಂದ ಕೊರೆದ ಕಚ್ಚುಗಳು. ಮೊದಲು ಅಡಿಮರವನ್ನು ನೆಲದ ಮೇಲಿನ ದಿಮ್ಮಿಗಳ ಮೇಲೆ ಮಲಗಿಸುವರು. ಅದು ದೋಣಿಯ ಬೆನ್ನೆಲುಬು. ಅದರ ಎರಡು ತುದಿಗೆ ಮುಂದಿನ ಹಾಗೂ ಹಿಂದಿನ ಕಂಬಗಳನ್ನು ಎಬ್ಬಿಸುವರು. ಆಮೇಲೆ ಪಕ್ಕೆಲುಬಿನಂಥ ಬಾಗಿದ ಮರಗಳು, ಅವುಗಳ ಮೇಲೆ ಹಲಗೆಗಳು. ಹಲಗೆಯನ್ನು ಬಾಗಿಸಲು ಒಂದು ಬದಿಗೆ ನೀರು ಹಚ್ಚಿ ಇನ್ನೊಂದು ಬದಿಗೆ ತೆಂಗಿನ ಸಿಪ್ಪೆಯ ಬೆಂಕಿಯನ್ನು ತೋರಿಸಬೇಕು. ಬೆಂಕಿ ಹೆಚ್ಚಾದರೆ ಹಲಗೆ ಕರಿಯಾಗುವುದು, ಕಡಿಮೆಯಾದರೆ ಸೀಳುವುದು.

ಬಾಗಿದ ಮರದ ವಿಷಯವೇ ವಿಚಿತ್ರ. ಮನೆ ಕಟ್ಟುವವನು ನೆಟ್ಟಗಿನ ಮರವನ್ನು ಹುಡುಕಿದರೆ ದೋಣಿ ಕಟ್ಟುವವನು ಸೊಟ್ಟ ಮರವನ್ನು ಹುಡುಕಬೇಕು. ನೆಟ್ಟಗಿನ ತೊಲೆಯನ್ನು ಕೊರೆದು ಬಳುಕಿಸಿದರೆ ಅದರ ನಾರು ಕಡಿದುಹೋಗಿ ಅಲೆಯ ಹೊಡೆತಕ್ಕೆ ಮುರಿಯುವುದು. ಬೆಳೆಯುವಾಗಲೇ ಬಾಗಿದ ಕೊಂಬೆ ಮುರಿಯದು. ಅದಕ್ಕಾಗಿ ಅಜ್ಜನವರು ಗೇರುಸೊಪ್ಪೆಯ ಕಡೆಗೆ ಹೋಗಿ, ಮರದ ವ್ಯಾಪಾರಿಗಳು ಬೇಡವೆಂದು ಬದಿಗಿಟ್ಟ ಡೊಂಕು ಕೊಂಬೆಗಳನ್ನು ಆರಿಸಿ ಹೊಳೆಯಲ್ಲಿ ತೇಲಿಸಿ ತರುತ್ತಿದ್ದರು. ಹಲಗೆಗೆ ಹೆಬ್ಬಲಸು, ಹಣವಿದ್ದ ಗಿರಾಕಿಗೆ ಸಾಗುವಾನಿ. ಹಲಗೆಗಳ ಸಂದಿಗೆ ಹತ್ತಿಯ ಬತ್ತಿಯನ್ನು ಉಳಿಯಿಂದ ತುರುಕಿ, ಕಾಸಿದ ರಾಳವನ್ನು ಮೆತ್ತಬೇಕು. ಬತ್ತಿ ಹೊಸೆಯುವುದೂ ರಾಳ ಕಾಸುವುದೂ ಮನೆಯ ಹೆಂಗಸರ ಕೆಲಸ. ನಮ್ಮ ಅಜ್ಜಿಯವರ ಕೈಗೆ ಆ ವಾಸನೆ ಎಷ್ಟು ಅಂಟಿತ್ತೆಂದರೆ ಭಾನುವಾರ ಇಗರ್ಜಿಯಲ್ಲಿ ಜಪಸರ ಹಿಡಿದಾಗಲೂ ಅದು ಹೋಗುತ್ತಿರಲಿಲ್ಲ. ದೋಣಿ ಕಟ್ಟುವವರೆಂದರೆ ಗಂಡಸರ ಹೆಸರನ್ನೇ ಹೇಳುವುದು ವಾಡಿಕೆ. ಆದರೆ ದೋಣಿಯೊಳಗೆ ನೀರು ಬಾರದಂತೆ ತಡೆದದ್ದು ಈ ಹೆಂಗಸರ ಕೈ. ಕಡೆಯಲ್ಲಿ ಗೇರೆಣ್ಣೆಯನ್ನೂ ಮೀನೆಣ್ಣೆಯನ್ನೂ ಬಳಿಯುವರು. ಮರವನ್ನು ಒಳಗಿನಿಂದ ಕೊರೆದು ಜಾಲರಿಯಂತೆ ಮಾಡುವ ಕಡಲಹುಳುವಿಗೆ ಅದು ವಿಷ.

ದೋಣಿಯನ್ನು ನೀರಿಗಿಳಿಸುವುದು ಹುಣ್ಣಿಮೆಯ ಇಲ್ಲವೆ ಅಮಾವಾಸ್ಯೆಯ ಉಬ್ಬರದ ದಿನ, ನೀರು ಅತಿ ಹೆಚ್ಚು ಏರುವ ಹೊತ್ತಿಗೆ. ಒಡೆಯನು ಹಿಂದೂವಾದರೆ ತೆಂಗಿನಕಾಯಿ ಒಡೆಯುವನು; ಮುಸಲ್ಮಾನನಾದರೆ ದುವಾ ಓದಿಸುವನು; ನಮ್ಮವನಾದರೆ ಪಾದ್ರಿಗಳು ಬಂದು ತೀರ್ಥ ಚಿಮುಕಿಸುವರು. ಯಾರದ್ದೇ ಆಗಿರಲಿ, ಅಜ್ಜನವರು ಮುಂಗಂಬಕ್ಕೆ ಹಣೆ ಮುಟ್ಟಿಸಿ ಶಿಲುಬೆಯ ಗುರುತು ಮಾಡದೆ ದೋಣಿ ಚಪ್ಪರ ಬಿಡುತ್ತಿರಲಿಲ್ಲ. ಅದಕ್ಕೆ ಯಾವ ಒಡೆಯನೂ ಆಕ್ಷೇಪಿಸಿದ್ದನ್ನು ನಾವು ಕಾಣೆವು. ಮರುದಿನ ಅಳತೆಗೋಲಿನ ಮೇಲೆ ಇನ್ನೊಂದು ಕಚ್ಚು ಬೀಳುವುದು.

ಈ ಕಸುಬಿನ ಜೀವಾಳವೆಲ್ಲ ಮರ. ಮರದ ಮೇಲಿನ ಹಕ್ಕು ಯಾರದೆಂಬ ಜಗಳವೂ ಹಳೆಯದೇ. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ವಾಟ್ಸನ್ನನನ್ನು ಪಶ್ಚಿಮ ಕರಾವಳಿಯ ಕಾಡುಗಳ ಸಂರಕ್ಷಕನನ್ನಾಗಿ ನೇಮಿಸಿತು. ಸಂರಕ್ಷಣೆಯೆಂದರೆ ಆಗ ಸಾಗುವಾನಿಯನ್ನು ಇಂಗ್ಲಿಷರ ನೌಕಾಪಡೆಗೆ ಕಾದಿಡುವುದು. ಜನರ ದೂರು ಹೆಚ್ಚಿ, 1823ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದು ಮಾಡಿದನು. ಆ ಕಾಲದ ಮಲಬಾರಿನ ಸಾಗುವಾನಿಯಿಂದ 1817ರಲ್ಲಿ ಮುಂಬಯಿಯ ಕಟ್ಟೆಯಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆಯು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ನಮ್ಮ ಘಟ್ಟದ ಮರದ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಡ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಅರಣ್ಯ ಇಲಾಖೆಯ ಹಿಡಿತ ಮತ್ತೆ ಬಿಗಿಯಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಪರವಾನಗಿಯ ಕಾಗದದ ಭಾಷೆ ಬದಲಾಯಿತು, ಪರವಾನಗಿ ಬದಲಾಗಲಿಲ್ಲ.

ಆ ಬಳಿಕ ಎಂಜಿನ್ ಬಂತು. 1952ರ ಒಪ್ಪಂದದಂತೆ ಕೇರಳದಲ್ಲಿ ಮೊದಲಾದ ಇಂಡೋ-ನಾರ್ವೇಜಿಯನ್ ಯೋಜನೆಯು ಅರವತ್ತರ ದಶಕದಲ್ಲಿ ಕಾರವಾರಕ್ಕೂ ಹಬ್ಬಿತು. 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಮೀನುಗಾರಿಕಾ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆಯವರು ಯಂತ್ರದೋಣಿಗಳ ನಕ್ಷೆಗಳನ್ನು ಸಿದ್ಧಪಡಿಸಿದರು. ನಕ್ಷೆ ನೋಡಿ ದೋಣಿ ಕಟ್ಟುವುದನ್ನು ನಮ್ಮ ತಂದೆಯವರು ಕಲಿತರು, ಅಜ್ಜನವರು ಕಲಿಯಲಿಲ್ಲ. "ಕಾಗದಕ್ಕೆ ಅಲೆ ಬಡಿಯುತ್ತದೆಯೇನೋ?" ಎಂದು ಕೇಳುತ್ತಿದ್ದರು. ಆದರೂ ಪಂಖ ತಿರುಗಲು ಹಿಂಭಾಗವನ್ನು ಹೇಗೆ ಬಿಡಿಸಬೇಕು, ಎಂಜಿನ್ನಿನ ನಡುಕವನ್ನು ಯಾವ ಮರ ತಡೆದೀತು ಎಂಬಲ್ಲಿ ನಕ್ಷೆಗಿಂತ ಅಜ್ಜನವರ ಮಾತೇ ಎಷ್ಟೋ ಸಲ ಗೆದ್ದಿತು. ನಿಜ ಹೇಳಬೇಕೆಂದರೆ ನಮ್ಮ ಚಪ್ಪರದ ಅತ್ಯಂತ ಸಮೃದ್ಧಿಯ ಕಾಲ ಅದೇ. ಯಂತ್ರ ಬಂದು ಕಸುಬನ್ನು ಕೊಂದಿತೆಂದು ಹಲವರು ಹೇಳುವುದುಂಟು. ನಮ್ಮ ಅನುಭವ ಹಾಗಲ್ಲ. ಯಂತ್ರವು ಮೊದಲು ಹೊಟ್ಟೆ ತುಂಬ ಉಣಿಸಿತು.

ಕೆಟ್ಟದ್ದು ಅನಂತರ. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂದು, ನೂರಾರು ಕೈಗಳು ದಡದಿಂದ ಎಳೆಯುತ್ತಿದ್ದ ರಂಪಣಿಯನ್ನು ಕೆಲವೇ ವರ್ಷಗಳಲ್ಲಿ ಮೂಲೆಗೆ ತಳ್ಳಿತು. ಬಂಗಡೆ, ತಾರ್ಲೆ ದಡಕ್ಕೆ ಬರುವ ಮುನ್ನವೇ ಆಳದಲ್ಲಿ ಬಲೆಗೆ ಬಿದ್ದವು. ರಂಪಣಿ ದೋಣಿಗೆ ಗಿರಾಕಿ ಇಲ್ಲವಾಯಿತು. ಅದೇ ಹೊತ್ತಿಗೆ ಮರವೂ ದುರ್ಲಭವಾಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. 1983ರಲ್ಲಿ ಸಿರ್ಸಿ ತಾಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಅವರು ಮಾಡಿದ್ದು ಸರಿ. ನಾವು ಒಂದು ದೋಣಿಗೆ ನಾಲ್ಕು ಕೊಂಬೆ ತಂದೆವು. ಕಾರ್ಖಾನೆಯವರು ಗುಡ್ಡವನ್ನೇ ತಂದರು. ಬಾಗಿಲು ಹಾಕುವಾಗ ಇಬ್ಬರಿಗೂ ಒಂದೇ ಬಾಗಿಲು" ಎಂದರು. ಅವರ ಬಾಯಲ್ಲಿ ಇದಕ್ಕಿಂತ ಕಹಿಯಾದ ಮಾತನ್ನು ನಾವು ಕೇಳಿಲ್ಲ.

1985ರಲ್ಲಿ ಒಪ್ಪಿಕೊಂಡ ದೋಣಿಯೇ ಕಡೆಯದಾಯಿತು. ಮುಂಗಡ ಹಣದಲ್ಲಿ ಮರ ಸಾಲದೆ ತಂದೆಯವರು ಸಾಲ ಮಾಡಿದರು. ಮರದ ವ್ಯಾಪಾರಿಯೊಬ್ಬರು ಒಣಗಿದ ಮರವೆಂದು ಕೊಟ್ಟದ್ದು ಒಳಗೆ ಹಸಿಯಾಗಿತ್ತು. ಅದು ತಂದೆಯವರಿಗೆ ತಿಳಿಯದೆ ಹೋಯಿತೇ, ತಿಳಿದೂ ಬೇರೆ ದಾರಿಯಿಲ್ಲದೆ ಕೊಂಡರೇ ಎಂಬುದನ್ನು ಕೇಳುವ ಧೈರ್ಯ ನಮಗೆ ಎಂದೂ ಬರಲಿಲ್ಲ. ಬೇಸಿಗೆಯ ಬಿಸಿಲಿಗೆ ಹಲಗೆಗಳು ಸೆಳೆದು ಸಂದಿ ಬಿಟ್ಟವು. ನೀರಿಗಿಳಿದ ಮೂರನೆಯ ತಿಂಗಳು ದೋಣಿ ಹಿಂದಿರುಗಿ ಬಂತು. ಒಡೆಯನು ಒಳ್ಳೆಯವನು, ಜಗಳವಾಡಲಿಲ್ಲ. ಅವನು ಬೈದಿದ್ದರೆ ತಂದೆಯವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಏಳು ಹಲಗೆಗಳನ್ನು ಸ್ವಂತ ಖರ್ಚಿನಲ್ಲಿ ಬದಲಾಯಿಸಿ ಕೊಟ್ಟರು. ಆ ದೋಣಿಗೆ ಅಳತೆಗೋಲಿನ ಮೇಲೆ ಕಚ್ಚು ಹಾಕಲಿಲ್ಲ. ಮರುವರ್ಷ ಚಪ್ಪರದ ಜಾಗ ಸಾಲಕ್ಕೆ ಹೋಯಿತು. ಒಂದೇ ಅಚ್ಚಿನಿಂದ ಹತ್ತಾರು ದೋಣಿ ಎರಕಹೊಯ್ಯುವ ಫೈಬರಿನ ಕಾಲ ಅಷ್ಟರಲ್ಲಿ ಆರಂಭವಾಗಿತ್ತು.

ಸಂತೇಬೆನ್ನೂರಿನ ಅಡಕೆ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದ ನಮ್ಮ ಸೋದರಮಾವನವರು ಕರೆದರೆಂದು 1987ರಲ್ಲಿ ಗೇರುಸೊಪ್ಪೆಯ ಘಟ್ಟ ಹತ್ತಿ, ಸಾಗರ, ಶಿವಮೊಗ್ಗದ ಮಾರ್ಗವಾಗಿ ಇಲ್ಲಿಗೆ ಬಂದೆವು. ತಂದೆಯವರು ಬಾಗಿಲು, ಕಿಟಕಿ, ಮಂಚ ಮಾಡಿದರು. ನೆಟ್ಟಗಿನ ಮರದ ಕೆಲಸ ಅವರಿಗೆ ಬೇಸರ ತರುತ್ತಿತ್ತು. ಒಂದು ಭಾನುವಾರ ಪೂಜೆಯ ಬಳಿಕ ಅವರನ್ನು ಸೂಳೆಕೆರೆಗೆ ಕರೆದೊಯ್ದೆವು. ಅಲ್ಲಿ ಮೀನು ಹಿಡಿಯುವವರ ಹರಿಗೋಲನ್ನು ಕಂಡು ಅವರು ಮೊದಲು ನಕ್ಕರು: "ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ!" ಆಮೇಲೆ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಹರಿಗೋಲನ್ನು ಮಗುಚಿ ಹಾಕಿಸಿ, ಬಿದಿರಿನ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಅರ್ಧ ತಾಸು ಆ ಅಂಬಿಗನೊಡನೆ ಮಾತನಾಡಿದರು. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಚೀಲಕ್ಕೆ ಡಾಂಬರು ಬಳಿಯುತ್ತೇವೆ ಎಂದು ಅವನು ಹೇಳಿದನು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಪಾಯೆಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಇಂಥವೇ ತೊಗಲಿನ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ; ಅವು ಗಿರಗಿರನೆ ಸುತ್ತುತ್ತಲೇ ಸಾಗುವುದನ್ನು ಕಂಡು ಅವನಿಗೂ ಸೋಜಿಗವಾಗಿತ್ತು. ಇದನ್ನು ಹೇಳಿದಾಗ ತಂದೆಯವರು, "ಬಾಗಿದ ಬಿದಿರು, ಬಾಗಿದ ಕೊಂಬೆ, ಎರಡೂ ಒಂದೇ ಲೆಕ್ಕ. ಇವನೂ ನಮ್ಮವನೇ" ಎಂದರು. ಆ ಅಂಬಿಗನು ಅವರ ಕಡೆಯ ದಿನದವರೆಗೂ ನಮ್ಮ ಮನೆಗೆ ಮೀನು ತಂದುಕೊಡುತ್ತಿದ್ದನು.

ತಂದೆಯವರು 2004ರಲ್ಲಿ ದೈವಾಧೀನರಾದರು. ಆ ತರುವಾಯ ಒಮ್ಮೆ ಹೊನ್ನಾವರಕ್ಕೆ ಹೋಗಿದ್ದೆವು. ಕೊಂಕಣ ರೈಲ್ವೆಯ ಎರಡು ಕಿಲೋಮೀಟರ್ ಉದ್ದದ ಸೇತುವೆಯು ಶರಾವತಿಯ ಮೇಲೆ ನಿಂತಿದೆ. ಹೊಳೆಯಂಚಿನಲ್ಲಿ ಬಣ್ಣ ಬಣ್ಣದ ಫೈಬರ್ ದೋಣಿಗಳು ಸಾಲಾಗಿದ್ದವು. ಹಗುರ, ಚಂದ, ಹುಳು ಹಿಡಿಯುವ ಭಯವಿಲ್ಲ. ಅವುಗಳನ್ನು ಜರೆಯಲು ನಮಗೆ ಕಾರಣವಿಲ್ಲ. ಚಪ್ಪರವಿದ್ದ ಜಾಗವನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅಳತೆಗೋಲು ನಮ್ಮ ಮನೆಯಲ್ಲಿದೆ. ಅದರ ಮೇಲೆ 113 ಕಚ್ಚುಗಳಿವೆ. ಯಾವುದು ಯಾರ ದೋಣಿಯೆಂದು ಈಗ ಹೇಳಬಲ್ಲವರಿಲ್ಲ.

ನಮ್ಮ ದೇವಾಲಯದ ಎಡಬದಿಯ ಬೆಂಚುಗಳನ್ನು ತಂದೆಯವರು 1991ರಲ್ಲಿ ಮಾಡಿಕೊಟ್ಟರು, ಕೂಲಿ ತೆಗೆದುಕೊಳ್ಳಲಿಲ್ಲ. ಅವುಗಳಲ್ಲಿ ಒಂದಕ್ಕೂ ಕಬ್ಬಿಣದ ಮೊಳೆಯಿಲ್ಲ, ಎಲ್ಲವೂ ಮರದ ಬೆಣೆಯೇ. ಕಾಲುಗಳು ಸ್ವಲ್ಪ ಒಳಕ್ಕೆ ಬಾಗಿವೆಯೆಂದು ಆಗ ಕೆಲವರು ಆಡಿಕೊಂಡಿದ್ದರು. ಮುಂದಿನ ಭಾನುವಾರ ಅಲ್ಲಿ ಕುಳಿತವರು ಆಸನದ ಅಡಿಗೆ ಕೈಯಾಡಿಸಿ ನೋಡಬಹುದು: ಮುಂದಿನಿಂದ ಮೂರನೆಯ ಬೆಂಚಿನ ಕೆಳಗೆ ಉಳಿಯಿಂದ ಹಾಕಿದ ಒಂದು ಕಚ್ಚು ಸಿಗುತ್ತದೆ.