ದಾವಣಗೆರೆಯಿಂದ ಬಾಲಿಗೆ: ಕಡಲು ಒಂದು ಪಾಲು, ಒಳನಾಡು ಮೂರು ಪಾಲು

ತುಂಗಭದ್ರೆ ಇದೆ, ಭದ್ರಾ ನಾಲೆ ಇದೆ, ಚನ್ನಗಿರಿ ಕಡೆ ಹೋದರೆ ಸೂಳೆಕೆರೆ ಇದೆ. ದಾವಣಗೆರೆ, ಹರಿಹರದವರಿಗೆ ಇಲ್ಲದ್ದು ಕಡಲು ಮಾತ್ರ. ಅದಕ್ಕಾಗಿ ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರ ಮುಟ್ಟುವುದು ಹಳೆಯ ರೂಢಿ. ಈಗ ಹೊಸದಾಗಿ ಮದುವೆಯಾದವರು, ಮಕ್ಕಳ ಪರೀಕ್ಷೆ ಮುಗಿಸಿಕೊಂಡ ಮನೆಯವರು, ಅಪ್ಪ-ಅಮ್ಮನನ್ನು ಒಮ್ಮೆ ವಿಮಾನ ಹತ್ತಿಸಬೇಕೆನ್ನುವವರು ಥಾಯ್ಲೆಂಡ್, ಮಾಲ್ಡೀವ್ಸ್, ಬಾಲಿ ಎಂದು ಮೂರು ಹೆಸರು ಹಿಡಿದು ಕೂರುತ್ತಾರೆ.

ಈ ಲೇಖನ ಬಾಲಿಯದು. 2024ರ ಮಾರ್ಚ್ 29ರಂದು ಇಂಡಿಗೋ ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್‌ಪಸಾರ್‌ಗೆ ನೇರ ವಿಮಾನ ಆರಂಭಿಸಿತು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮರಳಿನ ಮೇಲೆ ಮಲಗುವುದು ಎರಡು ದಿನಕ್ಕೆ ಸಾಕಾಗುತ್ತದೆ. ಆಗ ಬೆನ್ನ ಹಿಂದೆ ಗದ್ದೆ, ಗುಡಿ, ಬೆಟ್ಟ ಇರುವುದು ಬಾಲಿಯಲ್ಲಿ. ಮಾಲ್ಡೀವ್ಸ್‌ನಲ್ಲಿ ಬೆನ್ನ ಹಿಂದೆಯೂ ಕಡಲೇ.

ದ್ವೀಪದ ಅಳತೆ

ಬಾಲಿ ಇಂಡೋನೇಷ್ಯಾದ ಒಂದು ಪ್ರಾಂತ್ಯ. ವಿಸ್ತೀರ್ಣ ಸುಮಾರು 5,700 ಚದರ ಕಿ.ಮೀ. ಹರಪನಹಳ್ಳಿ ಸೇರಿದ್ದಾಗಿನ ದಾವಣಗೆರೆ ಜಿಲ್ಲೆಯಷ್ಟೇ ಅನ್ನಬಹುದು. ಜನಸಂಖ್ಯೆ 2020ರ ಗಣತಿಯಂತೆ 43 ಲಕ್ಷ ದಾಟಿದೆ. ಮುಸ್ಲಿಮರೇ ಬಹುಸಂಖ್ಯಾತರಾದ ದೇಶದಲ್ಲಿ ಹಿಂದೂಗಳೇ ಹೆಚ್ಚಿರುವ ದ್ವೀಪ ಇದು. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ.

ಅಳತೆ ಜಿಲ್ಲೆಯಷ್ಟಿದ್ದರೂ ದಾರಿಯ ಲೆಕ್ಕ ಬೇರೆ. ದಾವಣಗೆರೆಯಿಂದ ಚಿತ್ರದುರ್ಗ 60 ಕಿ.ಮೀ., ಹೆದ್ದಾರಿಯಲ್ಲಿ ಒಂದು ಗಂಟೆ. ಬಾಲಿಯಲ್ಲಿ ಅಷ್ಟೇ ದೂರಕ್ಕೆ ಎರಡು, ಎರಡೂವರೆ ಗಂಟೆ ಬೇಕು. ರಸ್ತೆ ಕಿರಿದು, ಸ್ಕೂಟರ್ ವಿಪರೀತ. ‘ಒಂದೇ ದಿನಕ್ಕೆ ಆರು ಜಾಗ’ ಎಂದು ಬರೆದ ಪ್ಯಾಕೇಜ್ ಕಂಡರೆ, ಅದರಲ್ಲಿ ನಾಲ್ಕನ್ನು ಕಾರಿನ ಕಿಟಕಿಯಿಂದ ನೋಡುತ್ತೀರಿ ಎಂದೇ ಓದಿಕೊಳ್ಳಬೇಕು.

ಊರಿಂದ ವಿಮಾನದವರೆಗೆ

ಶಿವಮೊಗ್ಗ, ಹುಬ್ಬಳ್ಳಿ ನಿಲ್ದಾಣಗಳು ಹತ್ತಿರವಿದ್ದರೂ ಅಲ್ಲಿಂದ ಹಾರುವುದು ದೇಶದೊಳಗೆ ಮಾತ್ರ. ಹಾಗಾಗಿ ದೇವನಹಳ್ಳಿಯೇ ಗತಿ. ಸ್ವಂತ ಕಾರಿನವರು ಬೆಂಗಳೂರಿನ ಒಳಗೆ ಹೊಕ್ಕು ಹೊರಬರುವ ಸಾಹಸ ಮಾಡಬೇಕಿಲ್ಲ: ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ಹೋದರೆ ನೇರ ದೇವನಹಳ್ಳಿ. ರೈಲಿನವರಿಗೆ ನಗರ ತಪ್ಪಿದ್ದಲ್ಲ. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಡ್ರೈವರ್‌ಗೆ ಮೊದಲೇ ಹೇಳಿಡಿ. ಮೂರು ಗಂಟೆ ಮುಂಚೆ ತಲುಪಬೇಕೆಂದರೆ ದಾವಣಗೆರೆಯಿಂದ ಕನಿಷ್ಠ ಎಂಟೊಂಬತ್ತು ಗಂಟೆ ಮುಂಚೆ ಹೊರಡಬೇಕು. ಹಾರಾಟ ಸುಮಾರು ಏಳು ಗಂಟೆ. ಊರಿಂದ ನಿಲ್ದಾಣಕ್ಕೆ ಹೋಗಿ ಕೂರುವುದೇ ಅದಕ್ಕಿಂತ ಉದ್ದ.

ಕಾಗದಪತ್ರ, ದುಡ್ಡು

ಪಾಸ್‌ಪೋರ್ಟ್‌ಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ, ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಬಾಲಿಯಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮದುವೆಗೆ ಮುಂಚೆ ಮಾಡಿಸಿಟ್ಟ ಪಾಸ್‌ಪೋರ್ಟ್‌ಗಳು ಎಡವುವುದು ಇಲ್ಲೇ. ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ, ಮೊದಲೇ ಆನ್‌ಲೈನ್‌ನಲ್ಲೂ ತೆಗೆಯಬಹುದು: 30 ದಿನಕ್ಕೆ 5 ಲಕ್ಷ ರೂಪಿಯಾ. ಇದಲ್ಲದೆ 2024ರ ಫೆಬ್ರವರಿ 14ರಿಂದ ಬಾಲಿ ಸರ್ಕಾರ ಪ್ರತಿ ವಿದೇಶಿ ಪ್ರವಾಸಿಗೆ ಒಂದೂವರೆ ಲಕ್ಷ ರೂಪಿಯಾ ಸುಂಕ ಹಾಕಿದೆ.

ಲಕ್ಷ ಎಂದು ಬೆಚ್ಚಬೇಡಿ. ನಮ್ಮ ಒಂದು ರೂಪಾಯಿಗೆ ಸುಮಾರು 185-190 ರೂಪಿಯಾ ಬರುತ್ತದೆ. ಐದು ಲಕ್ಷವೆಂದರೆ ಸುಮಾರು 2,700 ರೂಪಾಯಿ. ಈ ಸೊನ್ನೆಗಳ ಗೊಂದಲವೇ ಬೀದಿಬದಿಯ ಕೆಲವು ಹಣ ಬದಲಾಯಿಸುವವರ ಬಂಡವಾಳ. ನೋಟು ಎಣಿಸಿ ಮೇಜಿನ ಮೇಲಿಡುತ್ತಾರೆ, ಮತ್ತೆ ಎತ್ತಿಕೊಂಡು ಸರಿಮಾಡುವಂತೆ ಮಾಡಿ ನಾಲ್ಕೈದನ್ನು ಆ ಕಡೆ ಬೀಳಿಸುತ್ತಾರೆ. ಕೊನೆಯದಾಗಿ ಎಣಿಸಿದ ಕೈ ನಿಮ್ಮದೇ ಆಗಿರಲಿ.

ಊರಲ್ಲಿ ಟ್ರಾವೆಲ್ಸ್‌ನವರ ಬಳಿ ಪ್ಯಾಕೇಜ್ ಕೊಂಡರೆ ಬಿಲ್ಲಿನ ಮೇಲೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಎಂದು ಒಂದು ಮೊತ್ತ ಸೇರುತ್ತದೆ. ಅದು ಕಳೆದುಹೋದ ದುಡ್ಡಲ್ಲ. ಪ್ಯಾನ್ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಬಾಲಿಯಲ್ಲಿ ಸ್ಕೂಟರ್ ಓಡಿಸುವ ಆಸೆಯಿದ್ದರೆ ಹೊರಡುವ ಮುನ್ನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದಿಲ್ಲದೆ ಬಿದ್ದರೆ ಪ್ರಯಾಣ ವಿಮೆಯವರು ಕೈಯೆತ್ತುತ್ತಾರೆ.

ಯಾವ ತೀರ, ಎಂಥ ಐಷಾರಾಮ

ದೊಡ್ಡ ರೆಸಾರ್ಟ್‌ಗಳ ಸಾಲು ಇರುವುದು ದಕ್ಷಿಣ ತುದಿಯ ನುಸಾ ದುಆದಲ್ಲಿ. ನುಸಾ ಎಂದರೆ ದ್ವೀಪ, ದುಆ ಎಂದರೆ ಎರಡು. (ದ್ವಿ ಎಂಬುದಕ್ಕೆ ಹತ್ತಿರ ಕೇಳಿಸಿದರೂ ನೆಂಟಸ್ತಿಕೆಯಿಲ್ಲ, ಅದು ಅವರದೇ ಪದ.) 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ, ಪ್ರವಾಸಿಗರನ್ನು ಹಳ್ಳಿಗಳಿಂದ ದೂರವಿಟ್ಟು ಒಂದೇ ಕಡೆ ಕೂರಿಸುವ ಉದ್ದೇಶದಿಂದ ಕಟ್ಟಿದ ಬಡಾವಣೆ ಇದು. 2022ರ ನವೆಂಬರ್‌ನಲ್ಲಿ ಜಿ-20 ನಾಯಕರು ಸೇರಿದ್ದೂ ಇಲ್ಲೇ. ಗೇಟು, ಕಾವಲು, ಕತ್ತರಿಸಿದ ಹುಲ್ಲು, ತೆಂಗು. ಹವಳದ ದಿಬ್ಬ ಅಲೆಯನ್ನು ದೂರದಲ್ಲೇ ಮುರಿಯುವುದರಿಂದ ನೀರು ಶಾಂತ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇದಕ್ಕಿಂತ ಒಳ್ಳೆಯ ತೀರ ಇನ್ನೊಂದಿಲ್ಲ. ಆದರೆ ಇದು ಪೂರ್ವಕ್ಕೆ ಮುಖ ಮಾಡಿದ ದಡ: ಸೂರ್ಯ ಹುಟ್ಟುವುದು ಕಾಣುತ್ತದೆ, ಮುಳುಗುವುದಲ್ಲ. ಸಂಜೆಗೆ ಜಿಂಬಾರನ್, ಸೆಮಿನ್ಯಾಕ್ ಕಡೆ ಹೋಗಬೇಕು.

ಐಷಾರಾಮದ ಬೆಲೆ ಮೆನುವಿನ ಮೂಲೆಯಲ್ಲಿ ಎರಡು ಪ್ಲಸ್ ಗುರುತಾಗಿ ಕೂತಿರುತ್ತದೆ. ಒಂದು ತೆರಿಗೆ, ಇನ್ನೊಂದು ಸೇವಾ ಶುಲ್ಕ. ಎರಡೂ ಸೇರಿ ಸುಮಾರು ಶೇ 21. ಸಾವಿರ ರೂಪಾಯಿಯ ಊಟ 1,210 ಆಗುತ್ತದೆ. ಸ್ವಂತ ಈಜುಕೊಳದ ವಿಲ್ಲಾ ಚೆನ್ನಾಗಿಯೇ ಇರುತ್ತದೆ, ಆದರೆ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವರಿಗೆ ಅದರಲ್ಲಿ ಇಳಿಯಲು ಪುರುಸೊತ್ತೆಲ್ಲಿ? ಎರಡು ದಿನ ಮಾತ್ರ ದುಬಾರಿ ಕೋಣೆ, ಉಳಿದ ದಿನ ಒಳನಾಡಿನ ಉಬುದ್ ಕಡೆ ಗದ್ದೆ ಬದಿಯ ಸಾಧಾರಣ ವಸತಿ ಹಿಡಿಯುವುದು ಬುದ್ಧಿವಂತಿಕೆ.

ಹೊಳೆಯಲ್ಲಿ ಈಜು ಕಲಿತವರಿಗೆ ಒಂದು ಮಾತು. ತುಂಗಭದ್ರೆಯ ಸೆಳೆತ ಒಂದೇ ದಿಕ್ಕಿನದು. ಕಡಲಿನದು ದಡದಿಂದ ಒಳಕ್ಕೆ ಎಳೆಯುತ್ತದೆ. ಕೂಟಾ ತೀರದಲ್ಲಿ ಕೆಂಪು ಬಾವುಟ ನೆಟ್ಟಲ್ಲಿ ಇಳಿಯಬಾರದು. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಸರಿಯಬೇಕು.

ಯಾವಾಗ ಹೋಗಬೇಕು? ಯುಗಾದಿಯ ತೊಡಕು

ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ, ನವೆಂಬರ್‌ನಿಂದ ಮಾರ್ಚ್ ಮಳೆಗಾಲ. ನಮ್ಮ ಬೇಸಿಗೆ ರಜೆಗೆ ಸರಿಹೊಂದುತ್ತದೆ. ಯುಗಾದಿಯ ಆಸುಪಾಸು ಮಾತ್ರ ಪಂಚಾಂಗ ನೋಡಬೇಕು. ಬಾಲಿಯವರೂ ಶಕ ವರ್ಷವನ್ನೇ ಎಣಿಸುತ್ತಾರೆ. ಹೊಸ ವರ್ಷದ ದಿನ ಅವರಿಗೆ ‘ನ್ಯೆಪಿ’, ಮೌನದ ದಿನ. 24 ಗಂಟೆ ಬೆಂಕಿ ಹಚ್ಚುವಂತಿಲ್ಲ, ದೀಪ ಕಾಣುವಂತಿಲ್ಲ, ಬೀದಿಗಿಳಿಯುವಂತಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗರು ಹೋಟೆಲ್ ಬಿಟ್ಟು ಹೊರಬರುವಂತಿಲ್ಲ. 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ ಬಂತು, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ. 2025ರಲ್ಲಿ ಒಂದು ದಿನದ ಅಂತರ. 2026ರಲ್ಲಿ ಎರಡೂ ಒಂದೇ ದಿನ, ಮಾರ್ಚ್ 19. ಎರಡೂ ಕಡೆ ಶಕ 1948. ನಾವು ಬೇವು-ಬೆಲ್ಲ ಹಂಚುವ ದಿನ ಅವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಹಿಂದಿನ ಸಂಜೆ ‘ಓಗೊ-ಓಗೊ’ ಎಂಬ ದೈತ್ಯ ರಾಕ್ಷಸ ಬೊಂಬೆಗಳ ಮೆರವಣಿಗೆ ಇರುತ್ತದೆ. ಅದನ್ನು ನೋಡಲೆಂದೇ ಹೋಗಿ, ಮಾರನೆಯ ಕತ್ತಲಲ್ಲಿ ನಕ್ಷತ್ರ ನೋಡುವ ಮನಸ್ಸಿದ್ದರೆ ಅಡ್ಡಿಯಿಲ್ಲ.

ದಿನದ ಸುತ್ತಾಟ

ಡ್ರೈವರ್ ಸಮೇತ ಕಾರು ಹತ್ತು ಗಂಟೆಗೆ ಸುಮಾರು 6ರಿಂದ 8 ಲಕ್ಷ ರೂಪಿಯಾಕ್ಕೆ ಸಿಗುತ್ತದೆ. ಒಂದು ದಿನಕ್ಕೆ ಒಂದೇ ದಿಕ್ಕು ಎಂದು ಇಟ್ಟುಕೊಳ್ಳಿ.

ದಕ್ಷಿಣಕ್ಕೆ ಉಲುವಾಟು: ಸುಮಾರು 70 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ ಗುಡಿ, ಕೆಳಗೆ ಕಡಲು. ಅಲ್ಲಿನ ಕೋತಿಗಳು ಕನ್ನಡಕ ಕಿತ್ತುಕೊಂಡು, ಹಣ್ಣು ಕೊಟ್ಟರೆ ಮಾತ್ರ ವಾಪಸು ಕೊಡುವ ವ್ಯಾಪಾರ ಕಲಿತಿವೆ. ಸಂಜೆ ‘ಕೆಚಕ್’ ನಡೆಯುತ್ತದೆ. ಹತ್ತಾರು ಗಂಡಸರು ಬರಿಮೈಯಲ್ಲಿ ಸುತ್ತಲೂ ಕೂತು ‘ಚಕ್ ಚಕ್ ಚಕ್’ ಎಂದು ಬಾಯಲ್ಲೇ ತಾಳ ಹಾಕುತ್ತಾರೆ, ನಡುವೆ ರಾಮಾಯಣ. ಮದ್ದಳೆಯಿಲ್ಲ, ತಾಳವಿಲ್ಲ, ದೊಡ್ಡಾಟ ನೋಡಿ ಬೆಳೆದ ಕಿವಿಗೆ ಇದು ಮೊದಲು ಖಾಲಿ ಎನಿಸಿ, ಹತ್ತು ನಿಮಿಷದಲ್ಲಿ ತುಂಬಿಕೊಳ್ಳುತ್ತದೆ. ಪುರಾತನ ಕಲೆ ಎಂದು ಗೈಡ್‌ಗಳು ಹೇಳುವುದುಂಟು. ಹಳೆಯ ಆವೇಶದ ಆಚರಣೆಯಿಂದ ಈ ರೂಪ ಮೂಡಿದ್ದು 1930ರ ದಶಕದಲ್ಲಿ, ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅವರ ಪ್ರೇರಣೆಯೂ ಸೇರಿ.

ಪಶ್ಚಿಮಕ್ಕೆ ತನಾ ಲೊಟ್: ಉಬ್ಬರದ ಹೊತ್ತಿಗೆ ದ್ವೀಪವಾಗಿಬಿಡುವ ಬಂಡೆಯ ಮೇಲಿನ ಗುಡಿ; ನೋಟ ಚೆಂದ, ನೂಕುನುಗ್ಗಲು ಅಷ್ಟೇ. ನುಸಾ ಪೆನಿದಾಗೆ ಸನೂರ್‌ನಿಂದ ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ರಸ್ತೆಗಳು ಬೆನ್ನುನೋವಿನವರಿಗಲ್ಲ. ಉಬುದ್‌ನ ಆಚೆ ತಂಪಕ್‌ಸಿರಿಂಗ್‌ನಲ್ಲಿ 10ನೇ ಶತಮಾನದ ತೀರ್ಥ ಎಂಪುಲ್ ಇದೆ. ಬುಗ್ಗೆಯ ನೀರು ಸಾಲು ಬಾಯಿಗಳಿಂದ ಕೊಳಕ್ಕೆ ಬೀಳುತ್ತದೆ, ಜನ ಒಂದೊಂದಕ್ಕೂ ತಲೆಯೊಡ್ಡಿ ಮುಂದೆ ಸರಿಯುತ್ತಾರೆ. ಸತ್ತವರ ಕಾರ್ಯಕ್ಕೆ ಮೀಸಲಾದ ಎರಡನ್ನು ಬಿಟ್ಟುಬಿಡುತ್ತಾರೆ, ನೀವೂ ಬಿಡಿ.

ಎಲ್ಲ ಗುಡಿಗೂ ಸೊಂಟಕ್ಕೆ ಸಾರೋಂಗ್ ಕಡ್ಡಾಯ. ಇನ್ನೊಂದು, ನೆಲ ನೋಡಿ ನಡೆಯಬೇಕು. ಅಂಗಡಿ ಬಾಗಿಲು, ಮೆಟ್ಟಿಲು, ಕಾಲುದಾರಿಯಲ್ಲೆಲ್ಲ ಅಂಗೈಯಗಲದ ಗರಿಯ ತಟ್ಟೆ ಇಟ್ಟಿರುತ್ತಾರೆ. ಅದರಲ್ಲಿ ನಾಲ್ಕು ಬಣ್ಣದ ಹೂವು, ಒಂದು ಚಿಟಿಕೆ ಅನ್ನ, ಊದುಬತ್ತಿ, ಕೆಲವೊಮ್ಮೆ ಒಂದು ಬಿಸ್ಕತ್ತು. ‘ಚನಂಗ್ ಸಾರಿ’ ಎಂಬ ನಿತ್ಯ ನೈವೇದ್ಯ ಅದು. ನಮ್ಮ ಹೆಂಗಸರು ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುವಂತೆ ಅವರು ಇದನ್ನಿಟ್ಟು ನೀರು ಚಿಮುಕಿಸುತ್ತಾರೆ.

ಊಟ

ಹಿಂದೂಗಳ ನಾಡೆಂದು ಸಸ್ಯಾಹಾರ ಸಿಕ್ಕೇಸಿಗುತ್ತದೆ ಎಂದುಕೊಂಡರೆ ಕೆಟ್ಟಿರಿ. ಇಡೀ ಹಂದಿ ಸುಟ್ಟ ‘ಬಾಬಿ ಗುಲಿಂಗ್’ ಅಲ್ಲಿ ಹಬ್ಬದಡುಗೆ. ತರಕಾರಿ ಊಟದ ಸಂಬಾಲ್ ಚಟ್ನಿಯಲ್ಲೂ ಸೀಗಡಿಯ ‘ತೆರಾಸಿ’ ಬೆರೆತಿರುತ್ತದೆ. ‘ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ’, ಅಂದರೆ ಮಾಂಸ, ಮೀನು, ತೆರಾಸಿ ಬೇಡ ಎಂಬ ಮಾತು ಬಾಯಿಪಾಠ ಮಾಡಿಕೊಳ್ಳಿ. ಸೋಯಾ ಕಾಳಿನ ತೆಂಪೆ, ಶೇಂಗಾ ಗೊಜ್ಜು ಸುರಿದ ಗಾದೊ-ಗಾದೊ ನಮ್ಮ ನಾಲಿಗೆಗೆ ಬೇಗ ಹತ್ತುತ್ತವೆ. ಬೆಣ್ಣೆದೋಸೆ ಒಯ್ಯಲಾಗದು, ದಾವಣಗೆರೆಯ ಮಂಡಕ್ಕಿ ಮಾತ್ರ ತೂಕವಿಲ್ಲದ ಬುತ್ತಿ.

ಹರಿಹರದ ದೇವರ ನೆಂಟಸ್ತಿಕೆ

ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರ ಗುಡಿ ಕಟ್ಟಿಸಿದ. ಮೂರ್ತಿಯ ಬಲಗಡೆ ಹರ, ಎಡಗಡೆ ಹರಿ. ಇದಾಗಿ ಸುಮಾರು ಎಪ್ಪತ್ತು ವರ್ಷಕ್ಕೆ, 1293ರಲ್ಲಿ, ಜಾವಾ ದ್ವೀಪದಲ್ಲಿ ರಾದೆನ್ ವಿಜಯ ಎಂಬಾತ ಮಜಾಪಹಿತ್ ರಾಜ್ಯ ಸ್ಥಾಪಿಸಿದ. 1309ರಲ್ಲಿ ತೀರಿಕೊಂಡ ಮೇಲೆ ಅವನನ್ನು ದೇವರಾಗಿ ಕಡೆದದ್ದು ಹರಿಹರನ ರೂಪದಲ್ಲೇ. ಸಿಂಪಿಂಗ್ ಗುಡಿಯಲ್ಲಿದ್ದ ಆ ಮೂರ್ತಿ ಜಕಾರ್ತಾದ ರಾಷ್ಟ್ರೀಯ ಮ್ಯೂಸಿಯಂ ಸೇರಿದೆ. ಇದೇ ಮಜಾಪಹಿತ್ 1343ರಲ್ಲಿ ಬಾಲಿಯನ್ನು ಗೆದ್ದಿತು. ಬಾಲಿಯ ಇಂದಿನ ಪೂಜೆ, ವೇಷ, ಆಟಗಳ ಬೇರು ಅಲ್ಲಿದೆ. ಸೂರ್ಯ, ಪುತ್ರಿ, ಗುರು ಎಂಬ ಮಾತುಗಳು ಬಾಲಿಯಲ್ಲಿ ದಿನಬಳಕೆಯವು. ಗಂಡನಿಗೆ ‘ಸುಆಮಿ’ ಎನ್ನುತ್ತಾರೆ, ಸ್ವಾಮಿಯೇ. ನಮ್ಮಲ್ಲಿ ಊರಾದ ‘ಪುರ’ ಅಲ್ಲಿ ಗುಡಿ.

ಸುಬಾಕ್: ನಾಲೆ ಸೀಮೆಯವರಿಗೆ

ತೆಗಲಾಲಂಗ್‌ನ ಮೆಟ್ಟಿಲು ಗದ್ದೆಗಳಲ್ಲಿ ಉಯ್ಯಾಲೆ ಕಟ್ಟಿ ಫೋಟೊಗೆ ದುಡ್ಡು ತೆಗೆದುಕೊಳ್ಳುತ್ತಾರೆ. ಅದನ್ನು ಬಿಟ್ಟು ತಬನಾನ್ ಕಡೆಯ ಜತಿಲುವಿಹ್‌ಗೆ ಹೋಗಿ. ಬಾಲಿಯ ‘ಸುಬಾಕ್’ ನೀರಾವರಿ ಪದ್ಧತಿಯನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ಗದ್ದೆಗಳೂ ಸೇರಿದವು.

ಒಂದೇ ಕಾಲುವೆಯಿಂದ ನೀರು ಪಡೆವ ರೈತರ ಕೂಟಕ್ಕೆ ಸುಬಾಕ್ ಎನ್ನುತ್ತಾರೆ. ಮುಖ್ಯಸ್ಥ ‘ಪೆಕಾಸೆಹ್’, ಹೆಚ್ಚುಕಮ್ಮಿ ನಮ್ಮ ನೀರಗಂಟಿ. ಆದರೆ ಅವನನ್ನು ರೈತರೇ ಆರಿಸುತ್ತಾರೆ. ಯಾವ ಕೂಟ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬೀಳು ಬಿಡಬೇಕು ಎಂಬ ಸರದಿ ನೀರಿನ ಗುಡಿಗಳಲ್ಲಿ ತೀರ್ಮಾನವಾಗುತ್ತದೆ. ಭದ್ರಾ ಬಲದಂಡೆಯ ಕೊನೆ ಭಾಗದ ರೈತರು ಪ್ರತಿ ಬೇಸಿಗೆಯಲ್ಲೂ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಮೇಲಿನವರು ಕೆಳಗಿನವರಿಗೆ ನೀರು ಯಾಕೆ ಬಿಡುತ್ತಾರೆ?

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಕೊಟ್ಟ ಉತ್ತರ ಭಕ್ತಿಯದಲ್ಲ, ಹುಳುವಿನದು. ಇಡೀ ಬಯಲು ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಬೀಳು ಬಿಟ್ಟರೆ ಕಂದು ಜಿಗಿಹುಳುವಿಗೆ ತಿನ್ನಲು ಏನೂ ಸಿಗದೆ ಸಾಯುತ್ತದೆ. ಕೆಳಗಿನವರು ನೀರು ಸಿಗದೆ ತಡವಾಗಿ ನಾಟಿ ಮಾಡಿದರೆ ಹುಳು ಅಲ್ಲಿ ಬದುಕಿ ಮೇಲಿನ ಗದ್ದೆಗೂ ಬರುತ್ತದೆ. ನೀರಿನ ಭಯ ಕೆಳಗಿನವರಿಗೆ, ಹುಳುವಿನ ಭಯ ಮೇಲಿನವರಿಗೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಲ್ಲಿ ‘ಸರದಿ ಬಿಡಿ, ಆದಷ್ಟು ಬೆಳೆ ತೆಗೆಯಿರಿ’ ಎಂದಾಗ ಹುಳುವಿನ ಹಾವಳಿ ಎದ್ದಿತು; ಆಮೇಲೆ ಗುಡಿಯ ಸರದಿಗೇ ಮರಳಿದರು.

ಗದ್ದೆ ಬದುವಿನ ಮೇಲೆ ನಡೆಯುವಾಗ ಕಾಲುವೆ ಕವಲೊಡೆಯುವ ಜಾಗದಲ್ಲಿ ಬಗ್ಗಿ ನೋಡಿ. ನೀರಿಗೆ ಅಡ್ಡಲಾಗಿ ತೆಂಗಿನ ಮರದ ಒಂದು ದಿಮ್ಮಿ, ಅದರ ಮೇಲೆ ಅಗಲ-ಕಿರಿದಾಗಿ ಕೊರೆದ ಕಚ್ಚುಗಳು. ಗೇಟಿಲ್ಲ, ಬೀಗವಿಲ್ಲ. ಹೊಳೆ ತುಂಬಿದರೂ ಸೊರಗಿದರೂ ಒಬ್ಬೊಬ್ಬರ ಕಚ್ಚಿನಲ್ಲಿ ಅವರವರ ಪಾಲು ಅದೇ ಪ್ರಮಾಣದಲ್ಲಿ ಹರಿಯುತ್ತದೆ. ದಿಮ್ಮಿಗೆ ‘ತೆಂಬುಕು’ ಎನ್ನುತ್ತಾರೆ, ಕಚ್ಚಿನ ಅಳತೆಗೆ ‘ತೆಕ್‌ತೆಕ್’. ಬೆಳಗ್ಗೆ ಬಿಸಿಲೇರುವ ಮೊದಲು ಹೋದರೆ ದಿಮ್ಮಿಯ ಮೇಲಿನ ಎಲೆ-ಕಸ ತೆಗೆಯುತ್ತಿರುವ ರೈತರು ಸಿಕ್ಕರೂ ಸಿಗಬಹುದು.