ಕಾಂಗ್ರೆಸ್ ಗಿಡದ ಮರೆಯಲ್ಲಿ

ಬೆಂಗಳೂರಿನ ಹೊರವಲಯದಲ್ಲಿ ಕಾರ್ಖಾನೆಗಳು ತಲೆಯೆತ್ತಿದ ಕಾಲವೂ ಪಾರ್ಥೇನಿಯಂ ಹಬ್ಬಿದ ಕಾಲವೂ ಹೆಚ್ಚುಕಡಿಮೆ ಒಂದೇ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆಯನ್ನು ನಮ್ಮ ಜನ ಕಾಂಗ್ರೆಸ್ ಗಿಡ ಎಂದರು. 1970ರ ದಶಕದಲ್ಲಿ ಪೀಣ್ಯದ ಶೆಡ್ಡುಗಳು ಎದ್ದವು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಉಳುಮೆ ನಿಂತ ಹೊಲ, ಖಾಲಿ ಸೈಟು, ರಸ್ತೆಬದಿಯ ಮಣ್ಣುಗುಡ್ಡೆ ಎಲ್ಲವೂ ಈ ಕಳೆಗೆ ಹೇಳಿ ಮಾಡಿಸಿದ ನೆಲ. 1984ರಲ್ಲಿ ಅದನ್ನು ತಿನ್ನಲೆಂದೇ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಗಾಳಿಯಲ್ಲಿ ತೇಲುವ ಈ ಕಳೆಯ ಪುಡಿ ಮುಖ, ಕತ್ತುಗಳಲ್ಲಿ ತುರಿ ಎಬ್ಬಿಸುತ್ತದೆ. ವರ್ಷಗಟ್ಟಲೆ ನರಳಿದ ಕೆಲವರಿಗೆ ಬಿಸಿಲೇ ಆಗದಂತಾಗುತ್ತದೆ. ಹೀಗಾಗಿ ಬಿಸಿಲಿಗೆ ಚರ್ಮ ಕಪ್ಪಾಗಿ ದಪ್ಪಗಟ್ಟಿದರೆ ಅದಕ್ಕೊಂದು ಕಾರಣ ಇಲ್ಲಿ ಸಿದ್ಧವಾಗಿಯೇ ಇತ್ತು. ಆ ಸಿದ್ಧ ಉತ್ತರದಿಂದಲೇ ಇನ್ನೊಂದು ಪ್ರಶ್ನೆ ಹಿಂದೆ ಬೀಳುವ ಅಪಾಯ ಹುಟ್ಟಿತು ಎಂಬುದು ನನ್ನ ವಾದ.

ಆ ಪ್ರಶ್ನೆ ಎಚ್‌ಐವಿಯದು. 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಸೋಂಕುಗಳು ಪತ್ತೆಯಾದವು. ಈ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಕೆಲವರ ಚರ್ಮ ಬಿಸಿಲನ್ನು ತಾಳದು. ಮುಂಗೈ, ಕಿವಿ, ಅಂಗಿಯ ಮೇಲ್ಗುಂಡಿಯ ಬಳಿಯ ಎದೆಭಾಗ ಕೆರಳುತ್ತವೆ. ಗಲ್ಲದ ಕೆಳಗು, ಕಿವಿಯ ಹಿಂಬದಿ, ವಾಚು ಕಟ್ಟಿದ ಪಟ್ಟಿ ತಿಳಿಯಾಗಿ ಉಳಿಯುತ್ತವೆ. ಕಳೆಯ ಪುಡಿಯಾದರೋ ರೆಪ್ಪೆಗೂ ಮೊಣಕೈ ಮಡಿಕೆಗೂ ಹೊಗುತ್ತದೆ. ಆದರೆ ಹಳೆಯ ರೋಗದಲ್ಲಿ ಈ ಎರಡರ ನಡುವಿನ ಗೆರೆಗಳು ಅಳಿಸಿಹೋಗುತ್ತವೆ. ರೋಗಿ ಕಾರ್ಮಿಕನಾದರೆ ವೆಲ್ಡಿಂಗ್ ಕಿಡಿಯ ಮುಂದೆ ನಿಂತವನಾಗಿರಬಹುದು, ಸಿಮೆಂಟು ಕಲಸಿದವನಾಗಿರಬಹುದು. ಜೋಳವೇ ಊಟವಾದ ಬಡವರಲ್ಲಿ ಕಾಣುತ್ತಿದ್ದ, ಪೋಷಕಾಂಶದ ಕೊರತೆಯ ರೋಗವಾದ ಪೆಲಾಗ್ರವೂ ಬಿಸಿಲು ಬಿದ್ದ ಚರ್ಮವನ್ನೇ ಹಿಡಿಯುತ್ತದೆ; ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಜೋಳಕ್ಕೂ ಪೆಲಾಗ್ರಕ್ಕೂ ಇರುವ ನಂಟನ್ನು 1960ರಲ್ಲೇ ಮುಂದಿಟ್ಟಿದ್ದರು. ಇಷ್ಟೊಂದು ಕಾರಣಗಳು ಕೈಗೆ ಸಿಗುವಾಗ ರಕ್ತಪರೀಕ್ಷೆಯ ಮಾತು ಯಾರಿಗೆ ಹೊಳೆದೀತು?

ಎಚ್‌ಐವಿಯಲ್ಲಿ ಚರ್ಮ ಬಿಸಿಲು ತಾಳದಿರುವುದು ಅಪರೂಪದ ಲಕ್ಷಣ, ಅದೂ ಸೋಂಕು ಬಲಿತ ಮೇಲಿನದು, ಆರಂಭದ್ದಲ್ಲ ಎಂಬ ಆಕ್ಷೇಪವಿದೆ. ದೇಹದ ಲೆಕ್ಕದಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಆದರೆ ವರ್ಷಗಟ್ಟಲೆ ಸುಮ್ಮನಿದ್ದ ಸೋಂಕು ರೋಗಿಯ ಅರಿವಿಗೆ ಬರುವ ಮೊದಲ ಗುರುತು ಚರ್ಮದಲ್ಲೇ ಇರಬಹುದು. ಎಚ್‌ಐವಿ ರೋಗಿಗಳಿಗೆ ಕೊಡುವ ಸಲ್ಫಾ ಮಾತ್ರೆಗಳೂ ಬಿಸಿಲಿನ ಗಂದೆ ತರುತ್ತವೆ ಎನ್ನುವುದು ಸರಿ. ಮಾತ್ರೆ ನುಂಗುವ ಮೊದಲೇ ಬಂದ ಗಂದೆಗೆ ಆ ಕಾರಣ ಹೊಂದದು. ಹಾಗೆಂದು ತುರಿಕೆ ಬಂದವರನ್ನೆಲ್ಲ ಪರೀಕ್ಷೆಗೆ ಅಟ್ಟಿದರೆ ಕೆಲಸವೇ ಹೋದೀತು ಎಂಬ ಭಯ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ಗುತ್ತಿಗೆ ಕಾರ್ಮಿಕನಿಗೆ ಕಳಂಕ ಮತ್ತು ಕೂಲಿನಷ್ಟ ಬೇರೆಬೇರೆ ಅಲ್ಲ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದ ರಾಜ್ಯಗಳಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ, ಅಂದರೆ ಎಆರ್‌ಟಿ, ಉಚಿತವಾಗಿ ಸಿಗಲು ಆರಂಭವಾಗುವವರೆಗೆ, ಸೋಂಕು ಇದೆ ಎಂದು ತಿಳಿದುಕೊಂಡು ಬಡವ ಪಡೆಯುತ್ತಿದ್ದುದೂ ಕಡಿಮೆಯೇ. ಔಷಧ ಬಂದ ಮೇಲೆ ಲೆಕ್ಕ ಬದಲಾಯಿತು. 2017ರ ಎಚ್‌ಐವಿ ಕಾಯ್ದೆ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ಸೋಂಕಿನ ನೆಪದಲ್ಲಿ ಕೆಲಸದಿಂದ ತೆಗೆಯುವುದನ್ನೂ ತಡೆಯಿತು. ಇಂದು ಪೀಣ್ಯದ ವೈದ್ಯರು ವಾಚಿನ ಪಟ್ಟಿ ಬಿಚ್ಚಿಸಿ ನೋಡಿ, ಬಾಗಿಲು ಮುಚ್ಚಿ, ಪರೀಕ್ಷೆಗೆ ಒಪ್ಪಿಗೆ ಕೇಳಬಹುದು. ಫಲಿತಾಂಶ ಕಾರ್ಖಾನೆಯ ಆಫೀಸಿಗೆ ಹೋಗಬೇಕಾಗಿಲ್ಲ.