“30 ಟನ್ ಕಾರ್ಬನ್” ಗಾಳದ ಕೋಲು ಎಷ್ಟು ಭಾರ ಎತ್ತುತ್ತದೆ?

ಆನ್‌ಲೈನ್ ಅಂಗಡಿಯಲ್ಲಿ ಗಾಳದ ಕೋಲು ಹುಡುಕಿದರೆ “24 ಟನ್ ಕಾರ್ಬನ್”, “30 ಟನ್ ಕಾರ್ಬನ್”, “40 ಟನ್” ಎಂಬ ಬರಹಗಳು ಕಾಣುತ್ತವೆ. ಸಾಮಾನ್ಯವಾಗಿ ಟನ್ ಏರಿದಂತೆ ಬೆಲೆಯೂ ಏರುತ್ತದೆ. ಲಾರಿ ಲೋಡಿನ ಲೆಕ್ಕ ಗೊತ್ತಿರುವ ಯಾರಿಗಾದರೂ ಮೊದಲು ಹೊಳೆಯುವ ಅರ್ಥ ಒಂದೇ: ಹೆಚ್ಚು ಟನ್ ಇದ್ದರೆ ಹೆಚ್ಚು ಗಟ್ಟಿ, ದೊಡ್ಡ ಮೀನು ಬಿದ್ದರೂ ಮುರಿಯುವುದಿಲ್ಲ.

ಇದು ತಪ್ಪು. 30 ಟನ್ ಎಂದು ಬರೆದಿರುವ ಕೋಲಿನ ತುದಿಗೆ ನೀರು ತುಂಬಿದ ಬಿಂದಿಗೆ ಕಟ್ಟಿ ಎತ್ತಲು ಹೋದರೆ ಕೋಲು ಎರಡು ತುಂಡಾಗಬಹುದು. ಅದರಲ್ಲಿ ಮೋಸವೇನೂ ಇಲ್ಲ. ಆ ಸಂಖ್ಯೆ ಹೇಳುವುದು ಬೇರೆಯದೇ ವಿಷಯ.

ಟನ್ ಎಂದರೇನು?

ಒಂದು ವಸ್ತುವನ್ನು ಎಳೆದರೆ ಅದು ಎಷ್ಟು ಕಡಿಮೆ ಹಿಗ್ಗುತ್ತದೆ, ಬಗ್ಗಿಸಲು ಹೋದರೆ ಎಷ್ಟು ಎದುರು ನಿಲ್ಲುತ್ತದೆ ಎಂಬುದನ್ನು ಅಳೆಯುವ ಮಾನವೊಂದಿದೆ. ಇದು ಪೆಡಸುತನದ ಅಳತೆ, ಮುರಿಯದಿರುವ ಶಕ್ತಿಯ ಅಳತೆಯಲ್ಲ. ಅದನ್ನು ಒಂದು ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂದು ಬರೆಯುವ ರೂಢಿಯಿಂದ ಈ “ಟನ್” ಬಂದಿದೆ. ಇದೇ ಲೆಕ್ಕದಲ್ಲಿ ಮನೆ ಕಟ್ಟುವಾಗ ಬಳಸುವ ಉಕ್ಕಿನ ಕಂಬಿ ಸುಮಾರು 20 ಟನ್. ಗಾಜಿನ ನಾರು, ಅಂದರೆ ಫೈಬರ್‌ಗ್ಲಾಸ್, ಸುಮಾರು 7. ಒಣ ಬಿದಿರು ಒಂದರಿಂದ ಎರಡು. ಹಾಗಾಗಿ 24 ಟನ್ ಕಾರ್ಬನ್ ನಾರು ಪೆಡಸುತನದಲ್ಲಿ ಉಕ್ಕಿಗಿಂತ ಸ್ವಲ್ಪವೇ ಮುಂದೆ. ಆದರೆ ತೂಕದಲ್ಲಿ ಉಕ್ಕಿನ ಕಾಲು ಭಾಗವೂ ಇಲ್ಲ. ಕಾರ್ಬನ್ನಿನ ಹೆಚ್ಚುಗಾರಿಕೆಯೆಲ್ಲ ಇರುವುದು ಇಲ್ಲಿಯೇ.

ಈ ಅಂಕಿಗಳು ಬರಿಯ ನಾರಿಗೆ ಸೇರಿದವು. ಕೋಲಿನಲ್ಲಿ ನಾರಿನ ಜತೆ ಅಂಟು ರಾಳವೂ ಇರುವುದರಿಂದ ಸಿದ್ಧವಾದ ಕೋಲಿನ ಪೆಡಸುತನ ಅದಕ್ಕಿಂತ ಬಹಳ ಕಡಿಮೆ. ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಅಮ್ಮಸಂದ್ರದ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕಾಂಕ್ರೀಟಿನಲ್ಲಿ ಕಂಬಿ ಎಳೆತ ತಡೆಯುತ್ತದೆ, ಸಿಮೆಂಟು ಕಂಬಿಯನ್ನು ಜಾಗದಲ್ಲಿ ಹಿಡಿದಿಡುತ್ತದೆ. ಕೋಲಿನಲ್ಲಿ ನಾರೇ ಕಂಬಿ, ರಾಳವೇ ಸಿಮೆಂಟು.

ಹಾಗಾದರೆ ಹೆಚ್ಚು ಟನ್ನಿನ ಕೋಲು ಏಕೆ ಬೇಗ ಮುರಿಯುತ್ತದೆ? ನಾರು ಪೆಡಸಾದಷ್ಟೂ ಮುರಿಯುವ ಮುನ್ನ ಹಿಗ್ಗುವ ಶಕ್ತಿ ಕುಗ್ಗುತ್ತದೆ. ಗಾಜಿನ ನಾರು ತನ್ನ ಉದ್ದದ ಶೇ. 4ರಷ್ಟು ಹಿಗ್ಗಿದರೂ ತಾಳುತ್ತದೆ. ಸಾಮಾನ್ಯ ಕಾರ್ಬನ್ ಶೇ. 2 ಮುಟ್ಟುವ ಮುನ್ನವೇ ಸಿಡಿಯುತ್ತದೆ. 40 ಟನ್ನಿನದು ಇನ್ನೂ ಬೇಗ. ಮೇಲಾಗಿ, ನಾರು ಪೆಡಸಾಗಿದ್ದರೆ ತಯಾರಕರು ಕೋಲಿನ ಗೋಡೆಯನ್ನು ತೆಳುವಾಗಿಸಿ ತೂಕ ಇಳಿಸುತ್ತಾರೆ. ತೆಳುಗೋಡೆಯ ಕೊಳವೆಗೆ ಒಂದು ಸಣ್ಣ ಪೆಟ್ಟು ಸಾಕು. ನನ್ನ ಮೊದಲ ಕಾರ್ಬನ್ ಕೋಲು ಬೈಕಿನ ಸ್ಟ್ಯಾಂಡಿಗೆ ಒಮ್ಮೆ ತಾಗಿತ್ತು. ಗೆರೆಯೂ ಬಿದ್ದಿರಲಿಲ್ಲ. ಎರಡು ವಾರದ ನಂತರ ಅಂಗೈ ಅಗಲದ ಜಿಲೇಬಿ ಮೀನು ಎಳೆದಾಗ ಸರಿಯಾಗಿ ಅದೇ ಜಾಗದಲ್ಲಿ ಮುರಿಯಿತು.

ಕೆರೆಗೆ ಯಾವುದು?

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಕೆರೆಗಳಲ್ಲಿ ಗಾಳಕ್ಕೆ ಬೀಳುವುದು ಹೆಚ್ಚಾಗಿ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ. ಗೆಂಡೆಯ ತುಟಿ ಮೆತ್ತಗೆ. ಪೆಡಸು ಕೋಲಿನಿಂದ ಜಗ್ಗಿದರೆ ಗಾಳ ಹರಿದುಕೊಂಡು ಬರುತ್ತದೆ. ರಾಗಿ ಹಿಟ್ಟೋ ಎರೆಹುಳುವೋ ಚುಚ್ಚಿ, ಬೆಂಡು ತೇಲಿಬಿಟ್ಟು ಕಾಯುವವರಿಗೆ ಫೈಬರ್‌ಗ್ಲಾಸ್ ಅಥವಾ ಗಾಜು–ಕಾರ್ಬನ್ ಬೆರೆತ 7 ಅಡಿಯ ಕೋಲೇ ಸರಿ ಎಂಬುದು ನನ್ನ ಅಭಿಪ್ರಾಯ. ಸ್ವಲ್ಪ ಭಾರವಾದರೂ ಬುಡದವರೆಗೆ ಬಾಗಿ ಮೀನಿನ ಎಳೆತವನ್ನು ತಾನೇ ನುಂಗುತ್ತದೆ. ಜೊಂಡಿನ ನಡುವಿನಿಂದ ಕೊರಮೀನನ್ನು ಕೂಡಲೇ ಎಳೆದು ತರಬೇಕಾದವರಿಗೆ, ದಿನವಿಡೀ ಬೀಸಿ ಬೀಸಿ ಎಸೆಯುವವರಿಗೆ ಕಾರ್ಬನ್ ಬೇಕು. ಅವರಿಗೂ 24 ಟನ್ ಧಾರಾಳ.

ಒಂದು ಮಾತು: ಹೆಚ್ಚಿನ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಹಿಡಿದವರನ್ನು ಕೇಳಿಯೇ ಗಾಳ ಹಾಕಿ.

ತಂತಿಯ ಕೆಳಗೆ

ಕಾರ್ಬನ್ ಕೋಲು ತೆಂಗು–ಅಡಿಕೆ ಸೀಮೆಗೆ ಹೊಸದೇನಲ್ಲ. ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಇದೇ ಜಾತಿಯದು: ನಾರು, ರಾಳ, ಒಂದರೊಳಗೊಂದು ಸೇರುವ ಕೊಳವೆಗಳು. ದೋಟಿಗೆ ಇರುವ ಅಪಾಯವೂ ಗಾಳದ ಕೋಲಿಗೆ ಹಾಗೆಯೇ ಬಂದಿದೆ. ಆದರೆ ದೋಟಿ ಎತ್ತುವಾಗ ಮೇಲೆ ನೋಡುವವರು ಗಾಳ ಬೀಸುವಾಗ ನೋಡುವುದು ನೀರನ್ನು.

“ಕಬ್ಬಿಣವಲ್ಲ, ಅಲ್ಯೂಮಿನಿಯಂ ಅಲ್ಲ, ಪ್ಲಾಸ್ಟಿಕ್ಕಿನಂಥದ್ದು, ಕರೆಂಟು ಹೊಡೆಯುವುದಿಲ್ಲ” ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಕಾರ್ಬನ್ ನಾರು ವಿದ್ಯುತ್ತನ್ನು ಹರಿಯಬಿಡುತ್ತದೆ. ಪೆನ್ಸಿಲ್ ಸೀಸದ ಎರಡು ತುದಿಗೆ ತಂತಿ ತಾಗಿಸಿ ಬಲ್ಬು ಉರಿಸುವ ಶಾಲೆಯ ಪ್ರಯೋಗ ನೆನಪಿದೆಯೇ? ಅದರಲ್ಲಿರುವುದೂ ಕಾರ್ಬನ್ನೇ. ಕೋಲಿನ ಮೇಲಿರುವ ಬಣ್ಣ, ರಾಳದ ತೆಳು ಪದರ 11,000 ವೋಲ್ಟಿಗೆ ತಡೆಯೇ ಅಲ್ಲ.

ನಮ್ಮ ತೋಟಗಳಲ್ಲಿ ಪಂಪ್‌ಸೆಟ್ಟಿನ ತಂತಿ, ಟ್ರಾನ್ಸ್‌ಫಾರ್ಮರಿಗೆ ಹೋಗುವ 11 ಕೆ.ವಿ. ತಂತಿ ತೆಂಗಿನ ಗರಿಗಳ ಮರೆಯಲ್ಲಿ ಹಾದು ಹೋಗಿರುತ್ತವೆ. ಏರಿ ಪಕ್ಕದಲ್ಲಿ ಜೋತುಬಿದ್ದ ತಂತಿಗಳೂ ಉಂಟು. 7 ಅಡಿಯ ಕೋಲನ್ನು ತಲೆಯ ಮೇಲಿಂದ ಬೀಸಿದರೆ ತುದಿ ಸುಲಭವಾಗಿ 13–14 ಅಡಿಗೆ ಏರುತ್ತದೆ. ಏರಿಯ ಮೇಲೆ ನಿಂತಿದ್ದರೆ ಇನ್ನೂ ಎತ್ತರ. ತೇವದ ಕೈ, ಕೆಸರಿನಲ್ಲಿ ಬರಿಗಾಲು: ಕರೆಂಟು ನೆಲಕ್ಕೆ ಇಳಿಯಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ಫೈಬರ್‌ಗ್ಲಾಸ್ ಒಣಗಿದ್ದಾಗ ವಿದ್ಯುತ್ತನ್ನು ತಡೆಯುತ್ತದೆ. ಲೈನ್‌ಮನ್‌ಗಳು ಬಳಸುವ ಉದ್ದನೆಯ ಕೋಲುಗಳು ಫೈಬರ್‌ಗ್ಲಾಸಿನವೇ. ಅವರು ಅದನ್ನು ಒರೆಸಿ, ಒಣಗಿಸಿ, ಪರೀಕ್ಷಿಸಿ ಬಳಸುತ್ತಾರೆ. ಕೆರೆಯ ನೀರು, ಮಣ್ಣು, ಮೀನಿನ ಲೋಳೆ ಮೆತ್ತಿದ ನಮ್ಮ ಕೋಲಿಗೆ ಆ ನಂಬಿಕೆ ಸಲ್ಲದು. ಹಸಿ ಬಿದಿರಿಗೂ ಒದ್ದೆ ದಾರಕ್ಕೂ ಇದೇ ಮಾತು. ಬ್ರಿಟನ್ನಿನಲ್ಲಿ ತಲೆ ಮೇಲಿನ ವಿದ್ಯುತ್ ತಂತಿಯಿಂದ 30 ಮೀಟರ್ ಒಳಗೆ ಗಾಳ ಹಾಕಬಾರದೆಂದು ಸೂಚಿಸುತ್ತಾರೆ. ನಾವೂ ಅದನ್ನೇ ಇಟ್ಟುಕೊಳ್ಳಬಹುದು: ಮೂವತ್ತು ದೊಡ್ಡ ಹೆಜ್ಜೆ. ತಂತಿ ದಾಟಿ ಹೋಗಬೇಕಾದರೆ ಕೋಲನ್ನು ಬಿಚ್ಚಿ, ನೆಲಕ್ಕೆ ಅಡ್ಡವಾಗಿ ಹಿಡಿದು ಹೋಗಿ. ತಂತಿಗೆ ದಾರ ಸಿಕ್ಕಿಕೊಂಡರೆ ಕೋಲನ್ನೂ ದಾರವನ್ನೂ ಮುಟ್ಟದೆ ವಿದ್ಯುತ್ ಕಚೇರಿಗೆ ಫೋನ್ ಮಾಡಿ. ಗುಡುಗು ಕೇಳಿಸಿದರೆ ಯಾವ ಕೋಲೇ ಇರಲಿ, ಏರಿಯಿಂದ ಇಳಿದು ಸೂರು ಸೇರಿಕೊಳ್ಳಿ. ತೆಂಗಿನ ಮರದಡಿ ಮಾತ್ರ ನಿಲ್ಲಬೇಡಿ. ಸಿಡಿಲಿಗೆ ಸುಟ್ಟ ಸುಳಿಯನ್ನು ನೋಡದ ತೋಟದವರು ಯಾರಿದ್ದಾರೆ?

ಕೋಲು ಕಟ್ಟುವುದು

ಬರಿಯ ಕೊಳವೆಯನ್ನು ಬ್ಲ್ಯಾಂಕ್ ಎನ್ನುತ್ತಾರೆ. ಹೊಸದಾಗಿ ಕಲಿಯುವವರು ಅದಕ್ಕೆ ಹಣ ಸುರಿಯುವ ಬದಲು ಮುರಿದ ಅಥವಾ ಉಂಗುರ ಕಿತ್ತುಹೋದ ಹಳೆಯ ಕೋಲನ್ನು ಬಿಚ್ಚಿ ಮತ್ತೆ ಕಟ್ಟುವುದು ಒಳ್ಳೆಯದು.

ಬ್ಲ್ಯಾಂಕಿನ ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವೆ ಒತ್ತಿ ಹೊರಳಿಸಿದರೆ ಅದು ಒಂದು ಕಡೆಗೆ ತಾನೇ ಜಿಗಿದು ನಿಲ್ಲುತ್ತದೆ. ಸುತ್ತಿದ ಬಟ್ಟೆಯ ಅಂಚು ಎಲ್ಲ ಕಡೆ ಸಮನಾಗಿ ಬಾರದಿರುವುದೇ ಇದಕ್ಕೆ ಕಾರಣ. ಇದನ್ನು ಕೋಲಿನ ಬೆನ್ನೆಲುಬು ಎಂದು ಕರೆದು, ಉಂಗುರಗಳನ್ನು ಅದರ ನೇರಕ್ಕೇ ಕೂರಿಸಬೇಕು, ಇಲ್ಲವಾದರೆ ಕೋಲು ಕೈಯಲ್ಲಿ ತಿರುಚುತ್ತದೆ ಎಂದು ಹೇಳುವವರಿದ್ದಾರೆ. ನಿಜವಾಗಿ ಕೋಲು ತಿರುಚಲು ಮುಖ್ಯ ಕಾರಣ ಉಂಗುರಗಳು ಕೋಲಿನ ಮೇಲ್ಬದಿಯಲ್ಲಿರುವುದು: ಎಳೆತ ಬಿದ್ದಾಗ ಅವು ಕೆಳಕ್ಕೆ ಹೊರಳಲು ನೋಡುತ್ತವೆ. ಆದ್ದರಿಂದ ಕೋಲು ಯಾವ ಬದಿಯಿಂದ ನೋಡಿದರೆ ನೆಟ್ಟಗೆ ಕಾಣುತ್ತದೋ ಆ ನೇರವನ್ನು ಆರಿಸಿಕೊಂಡರೆ ಸಾಕು.

ಉಂಗುರಕ್ಕೆ ಮಾತ್ರ ಜಿಪುಣತನ ಬೇಡ. ತುಕ್ಕು ಹಿಡಿಯದ ಚೌಕಟ್ಟು, ಒಳಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಬಳೆ ಇರಲಿ. ಬರಿಯ ತೆಳು ಲೋಹದ ಉಂಗುರವನ್ನು ಹೆಣೆದ ದಾರ ಗರಗಸದಂತೆ ಕೊರೆಯುತ್ತದೆ, ಆಮೇಲೆ ಆ ಕೊರಕಲು ದಾರವನ್ನೇ ಕತ್ತರಿಸುತ್ತದೆ. ಹಳೆಯ ಉಂಗುರದೊಳಗೆ ಕಿವಿಗೆ ಹಾಕುವ ಹತ್ತಿಯ ಕಡ್ಡಿ ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ.

7 ಅಡಿಯ ಕೋಲಿಗೆ ತುದಿಯದೂ ಸೇರಿ ಏಳೆಂಟು ಉಂಗುರ ಬೇಕು. ದಾರ ಸುರುಳಿಯಾಗಿ ಬಿಚ್ಚಿಕೊಳ್ಳುವ ಸ್ಪಿನ್ನಿಂಗ್ ರೀಲ್ ಆದರೆ ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ನಂತರದವು ಚಿಕ್ಕದಾಗುತ್ತಾ ಹೋಗುತ್ತವೆ. ಜಾಗ ಗುರುತಿಸಲು ಪುಸ್ತಕದ ಪಟ್ಟಿ ಬೇಡ. ಉಂಗುರಗಳನ್ನು ಟೇಪಿನಿಂದ ಅಂಟಿಸಿ, ದಾರ ತೂರಿಸಿ, ಎಳೆದು ಕೋಲನ್ನು ಬಾಗಿಸಿ. ದಾರ ಕೋಲಿನ ಬಾಗನ್ನೇ ಹಿಂಬಾಲಿಸಬೇಕು. ಎರಡು ಉಂಗುರಗಳ ನಡುವೆ ದಾರ ಚೂಪಾಗಿ ಮೂಲೆ ತಿರುಗಿದರೆ ಅಲ್ಲಿ ಅಂತರ ಹೆಚ್ಚಾಗಿದೆ, ಸರಿಸಿ.

ಉಂಗುರದ ಕಾಲಿನ ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಇಳಿಜಾರು ಮಾಡಿಕೊಳ್ಳದೆ ನೂಲು ಸುತ್ತಬೇಡಿ. ಮೊಂಡು ಅಂಚು ಕೋಲಿನ ಗೋಡೆಗೆ ಕಚ್ಚಿ, ಮುರಿತ ಅಲ್ಲಿಂದಲೇ ಶುರುವಾಗುತ್ತದೆ. ನೈಲಾನ್ ನೂಲನ್ನು ಒತ್ತೊತ್ತಾಗಿ ಸುತ್ತಿ. ದರ್ಜಿ ಅಂಗಡಿಯ ನೂಲಿಗೆ ಜೂಲು ಇರುವುದರಿಂದ ಲೇಪ ನುಣುಪಾಗಿ ಕೂರುವುದಿಲ್ಲ. ಕೊನೆಯ ಏಳೆಂಟು ಸುತ್ತಿನ ಅಡಿಗೆ ಇನ್ನೊಂದು ನೂಲಿನ ಕುಣಿಕೆ ಇಟ್ಟುಕೊಂಡರೆ, ಸುತ್ತಿದ ನೂಲಿನ ತುದಿಯನ್ನು ಅದಕ್ಕೆ ತೂರಿಸಿ ಒಳಕ್ಕೆ ಎಳೆದುಬಿಡಬಹುದು, ಗಂಟು ಬೇಡ.

ಮೇಲಿನ ಲೇಪಕ್ಕೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬೇಕು. ಬೇಗ ಒಣಗಲೆಂದು ಗಟ್ಟಿಕಾರಕವನ್ನು ಒಂದಿಷ್ಟು ಹೆಚ್ಚು ಹಾಕುವುದು ಬಹಳ ಜನ ಮಾಡುವ ತಪ್ಪು. ಎಪಾಕ್ಸಿ ಬಣ್ಣದಂತೆ ಆರುವುದಿಲ್ಲ, ಎರಡು ಭಾಗಗಳು ಲೆಕ್ಕಕ್ಕೆ ಸರಿಯಾಗಿ ಕೂಡಿಕೊಂಡು ಗಟ್ಟಿಯಾಗುತ್ತವೆ. ಹೆಚ್ಚಾದ ಗಟ್ಟಿಕಾರಕಕ್ಕೆ ಜೋಡಿ ಸಿಗದೆ ಲೇಪ ವಾರವಾದರೂ ಅಂಟಂಟಾಗಿಯೇ ಉಳಿಯುತ್ತದೆ. ಸೂಜಿಯಿಲ್ಲದ ಎರಡು ಸಿರಿಂಜುಗಳಲ್ಲಿ ಅಳೆದು ಬೆರೆಸಿ. ಗಟ್ಟಿಯಾಗುವವರೆಗೆ ಕೋಲನ್ನು ಅಡ್ಡವಾಗಿಟ್ಟು ಕೆಲವು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ಲೇಪ ಒಂದೇ ಬದಿಗೆ ತೊಟ್ಟಿಕ್ಕಿ ನಿಲ್ಲುತ್ತದೆ. ತುದಿಯ ಉಂಗುರಕ್ಕೆ ಮಾತ್ರ ಎಪಾಕ್ಸಿ ಹಾಕಬೇಡಿ. ಬಿಸಿಗೆ ಕರಗುವ ಅಂಟು ಹಾಕಿದರೆ ನಾಳೆ ಅದು ಮುರಿದಾಗ ಬಿಸಿ ಮಾಡಿ ತೆಗೆಯಬಹುದು.

ಬಿದಿರೇ ಸಾಕೆನ್ನುವವರಿಗೆ

ರೀಲ್ ಇಲ್ಲದೆ ದಾರ ಕಟ್ಟಿ ಹಿಡಿಯಲು ಬಿದಿರು ಈಗಲೂ ಚೆನ್ನ. ಹೆಬ್ಬಿದಿರು ಬೇಡ, ಒಳಗೆ ಹೆಚ್ಚು ಪೊಳ್ಳಿಲ್ಲದ ಗಟ್ಟಿ ಜಾತಿಯ ಸಣ್ಣ ಬಿದಿರು ಆರಿಸಿ. ಈ ಜಾತಿಯ ಭಾರತದ ಬಿದಿರು 19ನೇ ಶತಮಾನದಲ್ಲಿ ಕಲ್ಕತ್ತಾ ಬಂದರಿನಿಂದ ಹಡಗೇರಿ ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿನವರು ಅದನ್ನು ಸೀಳಿ, ಆರು ಸಿಬಿರುಗಳನ್ನು ಷಟ್ಕೋನವಾಗಿ ಅಂಟಿಸಿ ಗಾಳದ ಕೋಲು ಮಾಡುತ್ತಿದ್ದರು. ಚೀನಾದ ಟಾಂಕಿನ್ ಬಿದಿರು ಬಂದು ಅದರ ಜಾಗ ಹಿಡಿದದ್ದು ಆಮೇಲೆ.

ಅಮಾವಾಸ್ಯೆಯ ಹಿಂದುಮುಂದು ಕಡಿದರೆ ಕುಟ್ಟೆ ಹಿಡಿಯದು ಎನ್ನುತ್ತಾರೆ. ಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಅದು ಗಳುವಿನ ವಯಸ್ಸು ಮತ್ತು ಋತುವಿನ ಮೇಲೆ ನಿಂತಿದೆ. ಮೂರು ವರ್ಷ ದಾಟಿದ ಗಳುವನ್ನು ಮಳೆಗಾಲ ಮುಗಿದ ಮೇಲೆ ಕಡಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಕೆಂಡದ ಶಾಖ ತೋರಿಸಿ ಸೊಟ್ಟ ತೆಗೆಯಿರಿ. ತುದಿಯನ್ನು ಕೆತ್ತುವಾಗ ಹುಷಾರು: ಕಡ್ಡಿಯ ದಪ್ಪ ಅರ್ಧವಾದರೆ ಪೆಡಸುತನ ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊರಸಿಪ್ಪೆಯನ್ನಂತೂ ಹೆರೆಯಲೇಬೇಡಿ, ಬಲವಾದ ನಾರೆಲ್ಲ ಅಲ್ಲೇ ಇದೆ.

ಕೆರೆಗೆ ಹೋಗುವ ಮುನ್ನ

ಯಾವ ಕೋಲೇ ಆಗಲಿ, ಮುರಿಯುವುದು ಹೆಚ್ಚಾಗಿ ದಡಕ್ಕೆ ಬಂದ ಮೀನನ್ನು ಕೋಲಿನಿಂದಲೇ ಎತ್ತುವಾಗ. ಆಗ ಕೋಲು ಬುಡದಲ್ಲಿ ಬಾಗುವ ಬದಲು ತುದಿಯ ಒಂದೆರಡು ಅಡಿಯಲ್ಲಿ ಕೊಕ್ಕೆಯಂತೆ ಮಡಿಯುತ್ತದೆ. ಮೀನೆತ್ತಲು ಬಲೆ ಇಟ್ಟುಕೊಳ್ಳಿ. 5 ಕಿಲೋ ತಡೆಯುವ ದಾರಕ್ಕೆ ರೀಲಿನ ಬಿಗಿಯನ್ನು ಒಂದೂಕಾಲು, ಒಂದೂವರೆ ಕಿಲೋಗೆ ನಿಲ್ಲಿಸಿ. ಅಷ್ಟು ಎಳೆದರೆ ದಾರ ಬಿಚ್ಚಿಕೊಳ್ಳಬೇಕು. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕಿಲೋ. ದಾರಕ್ಕೆ ಕಟ್ಟಿ, ಕೋಲನ್ನು ನೆಲದ ಮಟ್ಟದಿಂದ ಅರ್ಧ ಮಾತ್ರ ಮೇಲೆತ್ತಿ ಹಿಡಿದು, ಬಾಟಲಿಯನ್ನು ನಿಧಾನವಾಗಿ ನೆಲದಿಂದ ಬಿಡಿಸಿ. ಬಾಗು ಒಂದೇ ಸಮನಾಗಿ ಇಳಿದರೆ, ಎಲ್ಲೂ ಚಿಟಿಕೆಯ ಸದ್ದು ಕೇಳಿಸದಿದ್ದರೆ, ಸುತ್ತಿದ ನೂಲಿನ ಲೇಪದಲ್ಲಿ ಬಿಳಿ ಗೆರೆ ಮೂಡದಿದ್ದರೆ ಕೋಲು ಕೆರೆಗೆ ಸಿದ್ಧ.